ಮೈಕಿಲ್ಲದ ಹಾಡು

ಯೂರೋಪಿನಲ್ಲಿ ಆಪೆರಾ ಎಂಬ ನಾಟಕವಿದೆ. ಅದರಲ್ಲಿ ಕಥೆಯನ್ನು ಹಾಡಿಯೇ ಹೇಳ್ತಾರೆ. ಹೆಂಗಸರ ಅತಿ ಎತ್ತರದ ದನಿಗೆ ಸೊಪ್ರಾನೊ ಎಂದು ಹೆಸರು. ಮೈಕಿಲ್ಲದೆ ಕೊನೇ ಸಾಲಿಗೂ ಕೇಳಬೇಕು. ಅದಕ್ಕೆ ಉಸಿರು ಹಿಡಿದು ವರ್ಷಗಟ್ಟಲೆ ಅಭ್ಯಾಸ ಮಾಡ್ತಾರೆ.

ನಮ್ಮಲ್ಲಿ ಹಿಂದೆ ಕಂಪನಿ ನಾಟಕದವರೂ ಹೀಗೇ ಹಾಡುತ್ತಿದ್ದರು. ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ನಟರು. ಅವರ ಮಗ ಮುತ್ತುರಾಜ ಹುಡುಗನಾಗಿದ್ದಾಗಲೇ ಕಂಪನಿ ಸೇರಿ ಹಾಡು ಕಲಿತ. ಅವರೇ ಡಾ. ರಾಜ್‌ಕುಮಾರ್. 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕರಾದರು. ಆದರೂ ಸುಮಾರು 20 ವರ್ಷ ಅವರಿಗೆ ಹೆಚ್ಚಾಗಿ ಬೇರೆಯವರೇ ಹಾಡಿದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು.

ಚಿಕ್ಕಂದಿನಲ್ಲಿ ಕಲಿತದ್ದು ಎಲ್ಲೂ ಹೋಗಲ್ಲ. ಆದ್ದರಿಂದ ನಾವೂ ಕಿರುಚದೆ ದಿನಾ ಅಭ್ಯಾಸ ಮಾಡೋಣ.