ಗಡಿನಾಡಿನ ವಿದ್ಯಾರ್ಥಿ ಮತ್ತು ಸಮಾಜ ವಿಜ್ಞಾನದ ಅಧ್ಯಯನ

ನಮ್ಮ ಹೈಸ್ಕೂಲು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವುದು ನಮ್ಮೆಲ್ಲರಿಗೂ ಅಭಿಮಾನದ ವಿಷಯ. ಇದೇ ಶಾಲೆಯಲ್ಲಿ ಕಲಿತು, ಮುಂದೆ ಇಲ್ಲಿಯೇ ಇಪ್ಪತ್ತೆಂಟು ವರ್ಷಗಳ ಕಾಲ ಸಮಾಜ ವಿಜ್ಞಾನವನ್ನು ಬೋಧಿಸಿ ನಿವೃತ್ತನಾದ ನನ್ನಲ್ಲಿ ಸ್ಮರಣ ಸಂಚಿಕೆಯ ಸಂಪಾದಕರು ಒಂದು ಲೇಖನವನ್ನು ಕೇಳಿದರು. ಹಳೆಯ ನೆನಪುಗಳನ್ನು ಬರೆಯಲು ಸಮರ್ಥರಾದವರು ಬೇರೆ ಅನೇಕರಿದ್ದಾರೆ. ನಾನು ತರಗತಿಯಲ್ಲಿ ಮಾಡುತ್ತ ಬಂದ ಕೆಲಸವನ್ನೇ ಇಲ್ಲಿಯೂ ಮಾಡಲು ಇಚ್ಛಿಸುತ್ತೇನೆ. ಸಮಾಜ ವಿಜ್ಞಾನವನ್ನು ನಮ್ಮ ಊರಿನ ಮಕ್ಕಳು ಹೇಗೆ ಓದಬೇಕು, ಏಕೆ ಓದಬೇಕು ಎಂಬುದನ್ನು ಕೆಲವು ಉದಾಹರಣೆಗಳೊಂದಿಗೆ ವಿವರಿಸುತ್ತೇನೆ.

ಗಣಿತ, ವಿಜ್ಞಾನಗಳು ಜಾಣರಿಗೆ, ಸಮಾಜ ಪಾಠ ಉರುಹೊಡೆಯುವವರಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹತ್ತನೆಯ ತರಗತಿಯ ಫಲಿತಾಂಶ ಬಂದೊಡನೆ ಹೆಚ್ಚು ಅಂಕ ಪಡೆದವರು ಪ್ಲಸ್ ಟು ಸಯನ್ಸಿಗೆ, ನಂತರದವರು ಕಾಮರ್ಸಿಗೆ, ಉಳಿದವರು ಹ್ಯುಮಾನಿಟೀಸಿಗೆ ಎಂದು ಮನೆಯಲ್ಲಿಯೇ ತೀರ್ಮಾನವಾಗುತ್ತದೆ. "ಮಾಷ್ಟ್ರೇ, ಇತಿಹಾಸ ಓದಿದರೆ ಮಗನಿಗೆ ಏನು ಸಿಕ್ಕುತ್ತದೆ?" ಎಂದು ನನ್ನಲ್ಲಿ ಕೇಳಿದ ಹೆತ್ತವರು ಒಬ್ಬಿಬ್ಬರಲ್ಲ. ಅದು ಉಡಾಫೆಯ ಪ್ರಶ್ನೆಯಲ್ಲ. ಮಗನ ಅನ್ನದ ಚಿಂತೆಯಿಂದ ಹುಟ್ಟಿದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ, ಈ ವಿಷಯದಲ್ಲಿ ಕಲಿಯಬೇಕಾದುದು ಏನೆಂಬುದನ್ನು ಮೊದಲು ನೋಡಬೇಕು.

ಭೂಗೋಳ: ಅಂಗಳದಿಂದ ಆರಂಭ

ಪಾಠಪುಸ್ತಕವು ಭೂಗೋಳವನ್ನು ಖಂಡಗಳಿಂದಲೂ ವಾಯುಭಾರದ ಪಟ್ಟಿಗಳಿಂದಲೂ ಆರಂಭಿಸುತ್ತದೆ. ನಾನು ಆರಂಭಿಸುತ್ತಿದ್ದುದು ಒಂದು ಪ್ರಶ್ನೆಯಿಂದ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯಾಗುತ್ತದೆ; ಆದರೂ ಎಪ್ರಿಲ್ ತಿಂಗಳಲ್ಲಿ ನಮ್ಮ ಬಾವಿಗಳು ಏಕೆ ಬತ್ತುತ್ತವೆ? ಉತ್ತರವನ್ನು ಮಕ್ಕಳೇ ಹುಡುಕಬೇಕು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ನೆಲ ಇಳಿಜಾರು, ಹೊಳೆಗಳು ಕಿರಿದು, ಕಡಲು ಹತ್ತಿರ. ಕಾಲ ಕೆಳಗಿನ ಮುರಕಲ್ಲು ರಂಧ್ರಮಯವಾದುದರಿಂದ ನೀರು ಬೇಗನೆ ಇಂಗುತ್ತದೆ, ಬೇಗನೆ ಜಾರಿಹೋಗುತ್ತದೆ. ಈ ಶಿಲೆಗೆ 'ಲ್ಯಾಟರೈಟ್' ಎಂಬ ಹೆಸರನ್ನಿತ್ತವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಅವನು ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿ ಬರೆದ ಗ್ರಂಥವು 1807ರಲ್ಲಿ ಪ್ರಕಟವಾಯಿತು.

ಇದೇ ಮುರಕಲ್ಲಿನ ಸ್ವಭಾವವನ್ನು ಅರಿತೇ ನಮ್ಮ ಹಿರಿಯರು ಸುರಂಗಗಳನ್ನು ತೋಡಿದರು. ಗುಡ್ಡದ ಬದಿಯಲ್ಲಿ, ಒಬ್ಬ ಆಳು ನಡೆಯುವಷ್ಟು ಅಗಲಕ್ಕೆ, ನೀರು ಒಸರುವವರೆಗೆ ಅಡ್ಡಲಾಗಿ ಕೊರೆದುಕೊಂಡು ಹೋದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಎತ್ತುವ ಶ್ರಮವಿಲ್ಲ. ಗದ್ದೆಗಳ ವಿಂಗಡಣೆಯೂ ಹೀಗೆಯೇ. ತಗ್ಗಿನ ಬೈಲು ಗದ್ದೆಯಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ. ನಡುವಿನ ಮಜಲಿನಲ್ಲಿ ಎರಡು. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಊರಿನ ಹೆಸರುಗಳಲ್ಲಿ ಬರುವ ಅಡ್ಕ, ಪದವು, ಬೈಲು, ಮಜಲು ಮೊದಲಾದ ಮಾತುಗಳು ನೆಲದ ಲಕ್ಷಣವನ್ನೇ ಹೇಳುತ್ತವೆ. ಇವುಗಳನ್ನು ತಿಳಿದ ಹುಡುಗನಿಗೆ ಭೂಸ್ವರೂಪ, ಮಣ್ಣು, ಅಂತರ್ಜಲ ಎಂಬ ಅಧ್ಯಾಯಗಳು ಕಷ್ಟವಾಗುವುದಿಲ್ಲ. ಮನೆಯ ಹಿಂದಿನ ಗುಡ್ಡವನ್ನು ಓದಲು ಬಲ್ಲವನು ದಖ್ಖನ್ ಪ್ರಸ್ಥಭೂಮಿಯನ್ನೂ ಓದಬಲ್ಲನು.

ಇತಿಹಾಸ: ಆಧಾರವನ್ನು ಕೇಳುವ ವಿದ್ಯೆ

ಇತಿಹಾಸವೆಂದರೆ ಇಸವಿಗಳ ಪಟ್ಟಿಯಲ್ಲ. "ಇದು ನಿನಗೆ ಹೇಗೆ ಗೊತ್ತು?" ಎಂದು ಕೇಳುವ ವಿದ್ಯೆ ಅದು. ಬೇಕಲದ ಕೋಟೆಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗಲೆಲ್ಲ ನಾನು ಮೊದಲು ಗೋಡೆಯ ಕಂಡಿಗಳನ್ನು ತೋರಿಸುತ್ತಿದ್ದೆ. ಕೆಲವು ದೂರದ ಗುರಿಗೆ, ಕೆಲವು ನಡುವಿನ ಗುರಿಗೆ, ಇನ್ನು ಕೆಲವು ಗೋಡೆಯ ಬುಡಕ್ಕೇ ಬಂದವನ ಗುರಿಗೆ ಹೊಂದುವಂತೆ ಬೇರೆ ಬೇರೆ ಕೋನಗಳಲ್ಲಿ ಅವುಗಳನ್ನು ಇರಿಸಿದ್ದಾರೆ. ಕೋಟೆ ಕಡಲಿಗೆ ಚಾಚಿದ ನೆಲದ ಮೇಲಿದೆ. ಕಟ್ಟಿದ ಕಲ್ಲು ನಮ್ಮ ಮುರಕಲ್ಲೇ. ಕಟ್ಟಿದವರು ಯಾರನ್ನು ಭಯಪಟ್ಟಿದ್ದರು, ಯಾವ ಆಯುಧವನ್ನು ಬಲ್ಲವರಾಗಿದ್ದರು ಎಂಬುದನ್ನು ಮಕ್ಕಳೇ ಊಹಿಸಿದ ಬಳಿಕ ಹದಿನೇಳನೆಯ ಶತಮಾನದ ಇಕ್ಕೇರಿ ನಾಯಕರ ಕಥೆ, ಹೈದರಾಲಿ ಮತ್ತು ಟಿಪ್ಪುವಿನ ಕಾಲ, 1799ರಲ್ಲಿ ಈ ಸೀಮೆಯು ಕಂಪನಿ ಸರಕಾರದ ವಶವಾದ ವೃತ್ತಾಂತ ಇವೆಲ್ಲ ತಾವಾಗಿ ಜೋಡಣೆಗೊಳ್ಳುತ್ತವೆ.

ಆಧಾರಗಳನ್ನು ಹೋಲಿಸುವುದು ಮುಂದಿನ ಮೆಟ್ಟಿಲು. ಕಯ್ಯೂರಿನ ರೈತ ಹೋರಾಟವನ್ನೇ ತೆಗೆದುಕೊಳ್ಳಿ. 1941ರ ಮಾರ್ಚ್‌ನಲ್ಲಿ ಅಲ್ಲಿ ಒಬ್ಬ ಪೊಲೀಸನು ಹೊಳೆಯ ಪಾಲಾದನು. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಆಗ ಕಯ್ಯೂರು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇದೇ ಘಟನೆಯನ್ನು ವಸ್ತುವಾಗಿಸಿಕೊಂಡು ನಿರಂಜನರು 'ಚಿರಸ್ಮರಣೆ' ಕಾದಂಬರಿಯನ್ನು ಬರೆದರು. ಮಲೆಯಾಳ ಮಾತನಾಡುವ ರೈತರ ಕಥೆಯೊಂದು ಕನ್ನಡದ ಕಾದಂಬರಿಯಾಯಿತು ಎಂಬುದನ್ನು ಗಡಿನಾಡಿನ ಮಕ್ಕಳು ತಿಳಿದಿರಬೇಕು. ಕಾದಂಬರಿ, ಪಾಠಪುಸ್ತಕ, ಊರಿನ ಹಿರಿಯರ ಮಾತು ಈ ಮೂರನ್ನು ಎದುರುಬದುರು ಇಟ್ಟು, ಎಲ್ಲಿ ಹೊಂದುತ್ತವೆ, ಎಲ್ಲಿ ಬೇರೆಯಾಗುತ್ತವೆ, ಏಕೆ ಎಂದು ಬರೆಯಿಸುವುದೇ ಇತಿಹಾಸದ ನಿಜವಾದ ಅಭ್ಯಾಸ. ಮಂಜೇಶ್ವರದ ಗೋವಿಂದ ಪೈಗಳು (1883-1963) ರಾಷ್ಟ್ರಕವಿಗಳೆಂದು ಪ್ರಸಿದ್ಧರು. ಆದರೆ ಅವರು ಶಾಸನಗಳನ್ನೂ ಕಾಲಗಣನೆಯನ್ನೂ ಶೋಧಿಸಿದ ಇತಿಹಾಸಜ್ಞರೂ ಆಗಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕಾಗಿದೆ.

ರಾಜ್ಯಶಾಸ್ತ್ರ: ಮನೆಯ ಮಾತು, ಪುಸ್ತಕದ ವಾಕ್ಯ

ನಮ್ಮ ತಾಲೂಕಿನ ಇತಿಹಾಸದಲ್ಲಿ ಮಕ್ಕಳು ಎರಡು ದನಿಗಳನ್ನು ಕೇಳುವ ಒಂದು ಅಧ್ಯಾಯವಿದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು ಎಂಬುದು ಪುಸ್ತಕದ ವಾಕ್ಯ. ಅದರ ಹಿಂದೆ ಮುಂದೆ ನಡೆದ ಸಭೆಗಳು, ಸತ್ಯಾಗ್ರಹಗಳು, ಕಯ್ಯಾರ ಕಿಞ್ಞಣ್ಣ ರೈಗಳಂತಹವರ ಭಾಷಣಗಳು ಅಜ್ಜಂದಿರ ಮಾತು. ಮಗುವು ಈ ಎರಡರಲ್ಲಿ ಒಂದನ್ನು ನಂಬಿ ಇನ್ನೊಂದನ್ನು ಮರೆಯಬೇಕೆಂದಿಲ್ಲ. ಎರಡಕ್ಕೂ ದಾಖಲೆಗಳಿವೆ. ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತಾಲೂಕನ್ನು ಕೇರಳಕ್ಕೆ ಶಿಫಾರಸು ಮಾಡಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಕರ್ನಾಟಕಕ್ಕೆ ಸಲ್ಲಬೇಕೆಂದಿತು. ಆ ಶಿಫಾರಸು ಜಾರಿಗೆ ಬರಲಿಲ್ಲ. ಎರಡು ಆಯೋಗಗಳು ಯಾವ ಯಾವ ಕಾರಣಗಳನ್ನು ಕೊಟ್ಟವು ಎಂದು ನಾನು ತರಗತಿಯನ್ನು ಎರಡು ಪಂಗಡ ಮಾಡಿ ವಾದಿಸಲು ಬಿಡುತ್ತಿದ್ದೆ; ಅರ್ಧ ಗಂಟೆಯ ಬಳಿಕ ಪಂಗಡಗಳನ್ನು ಅದಲುಬದಲು ಮಾಡುತ್ತಿದ್ದೆ. ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ಪ್ರಾಮಾಣಿಕವಾಗಿ ಮಂಡಿಸಲು ಕಲಿತವನು ಉತ್ತಮ ಪ್ರಜೆಯಾಗುತ್ತಾನೆ.

1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. 'ಅವಿರೋಧ ಆಯ್ಕೆ' ಎಂಬ ಪದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಆದರೆ ಆ ವಿಧಿಯ ಮಾತು ಪ್ರಾಥಮಿಕ ಹಂತಕ್ಕೆ ಮಾತ್ರ ಎಂಬುದನ್ನು ಹೆತ್ತವರು ಗಮನಿಸಬೇಕು. ಹೈಸ್ಕೂಲಿನಲ್ಲಿ ಕನ್ನಡ ಉಳಿಯುವುದು ಬಹುಮಟ್ಟಿಗೆ ನಮ್ಮ ಬಯಕೆಯಿಂದ, ನಮ್ಮ ಮಕ್ಕಳ ಹಾಜರಿಯಿಂದ.

ಅರ್ಥಶಾಸ್ತ್ರ: ಮುಡಿಯಿಂದ ಮಾರುಕಟ್ಟೆಗೆ

ಹಳೆಯ ಗೇಣಿಚೀಟಿನಲ್ಲಿ ಹನ್ನೆರಡು ಮುಡಿ ಅಕ್ಕಿ ಎಂದಿದೆ ಎಂದಿಟ್ಟುಕೊಳ್ಳಿ. ಹದಿನಾಲ್ಕು ಸೇರಿಗೆ ಒಂದು ಕಳಸಿಗೆ, ಮೂರು ಕಳಸಿಗೆಗೆ ಒಂದು ಮುಡಿ. ಆಗ ಗೇಣಿ 504 ಸೇರು. ಗದ್ದೆ ಬೆಟ್ಟು ಆಗಿದ್ದರೆ ಒಕ್ಕಲಿನ ಮನೆಯಲ್ಲಿ ಉಳಿಯುವುದೆಷ್ಟು, ಬೈಲು ಆಗಿದ್ದರೆ ಎಷ್ಟು? ಭೂಗೋಳದ ಪಾಠ ಇಲ್ಲಿ ಅರ್ಥಶಾಸ್ತ್ರವಾಗುತ್ತದೆ. ಮೂಲಗೇಣಿಯವನಿಗೆ ಶಾಶ್ವತ ಹಕ್ಕು, ಗೊತ್ತಾದ ಗೇಣಿ; ಚಾಲಗೇಣಿಯವನನ್ನು ಧನಿಯು ಬಯಸಿದಾಗ ಬಿಡಿಸಬಹುದಿತ್ತು. ಕೇರಳದಲ್ಲಿ 1970ರ ಜನವರಿ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಕರ್ನಾಟಕದಲ್ಲಿ ಅದೇ ಕಾರ್ಯ 1974ರ ಮಾರ್ಚ್ 1ರಿಂದ. ಗಡಿಯ ಎರಡೂ ಬದಿಗಳಲ್ಲಿ ಗದ್ದೆಯಿದ್ದ ಕುಟುಂಬಕ್ಕೆ ಎರಡು ಕಾನೂನುಗಳು, ನಡುವೆ ನಾಲ್ಕು ವರ್ಷಗಳ ಅಂತರ. ಧನಿಗಳ ಮನೆಯ ಮಗುವೂ ಒಕ್ಕಲಿನ ಮನೆಯ ಮಗುವೂ ಒಂದೇ ಬೆಂಚಿನಲ್ಲಿ ಕುಳಿತು ಈ ಪಾಠವನ್ನು ಕೇಳುತ್ತಿದ್ದುದರಿಂದ ನಾನು ಪ್ರತಿ ಮಾತನ್ನೂ ತೂಗಿ ಆಡಬೇಕಾಗುತ್ತಿತ್ತು.

ಗಡಿಯು ಎಲ್ಲವನ್ನೂ ಬೇರ್ಪಡಿಸುವುದಿಲ್ಲ ಎಂಬುದಕ್ಕೆ ಅಡಿಕೆಯೇ ಸಾಕ್ಷಿ. ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದರು. ಬೇಡಿಕೆ, ಪೂರೈಕೆ, ಮಧ್ಯವರ್ತಿ, ಸಹಕಾರ ಎಂಬ ನಾಲ್ಕು ಪದಗಳನ್ನು ಈ ಒಂದು ಉದಾಹರಣೆಯಿಂದಲೇ ವಿವರಿಸಬಹುದು.

ಓದುವ ಕ್ರಮ

ವಿದ್ಯಾರ್ಥಿಗಳಿಗೆ ನನ್ನ ಸೂಚನೆಗಳು ನಾಲ್ಕೇ. ಒಂದು, ಪಾಠವನ್ನು ಓದುವ ಮೊದಲು ಅದರ ವಿಷಯಕ್ಕೆ ನಮ್ಮ ಪಂಚಾಯತಿನಲ್ಲಿಯೇ ಉದಾಹರಣೆ ಇದೆಯೇ ಎಂದು ಹುಡುಕಿರಿ. ಎರಡು, ಪ್ರತಿ ಇಸವಿಯ ಮುಂದೆ 'ಅದಕ್ಕೆ ಕಾರಣ', 'ಅದರ ಪರಿಣಾಮ' ಎಂದು ಒಂದೊಂದು ವಾಕ್ಯವನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. ಕಾರಣ ತಿಳಿದರೆ ಇಸವಿ ತಾನಾಗಿ ನೆನಪಿರುತ್ತದೆ. ಮೂರು, ನಕ್ಷೆಯನ್ನು ನೋಡದೆ ಬಿಡಿಸಲು ಕಲಿಯಿರಿ. ಮೊದಲು ಶಾಲೆಯಿಂದ ಮನೆಗೆ, ಬಳಿಕ ಜಿಲ್ಲೆಗೆ, ಬಳಿಕ ದೇಶಕ್ಕೆ. ನಾಲ್ಕು, ಪರೀಕ್ಷೆಯಲ್ಲಿ ದೀರ್ಘ ಉತ್ತರ ಬರೆಯುವಾಗ ಮೊದಲ ವಾಕ್ಯದಲ್ಲಿ ಪ್ರಶ್ನೆಗೆ ನೇರ ಉತ್ತರವಿರಲಿ, ಅನಂತರ ಆಧಾರಗಳು ಬರಲಿ. ಪುಟ ತುಂಬಿಸಿದರೆ ಅಂಕ ತುಂಬುವುದಿಲ್ಲ.

ಕನ್ನಡದಲ್ಲಿಯೇ ಏಕೆ?

ಇನ್ನು ಹೆತ್ತವರ ಪ್ರಶ್ನೆಗೆ ಬರುತ್ತೇನೆ. ಹ್ಯುಮಾನಿಟೀಸ್ ಓದಿದವರಿಗೆ ಅಧ್ಯಾಪನ, ಕಾನೂನು, ಪತ್ರಿಕೋದ್ಯಮ, ಬ್ಯಾಂಕು, ಸರಕಾರಿ ಸೇವಾ ಪರೀಕ್ಷೆಗಳ ದಾರಿಗಳು ತೆರೆದಿವೆ. ಕನ್ನಡ, ಮಲೆಯಾಳ, ಇಂಗ್ಲಿಷ್ ಮೂರನ್ನೂ ಬಲ್ಲ ನಮ್ಮ ಮಕ್ಕಳಿಗೆ ಈ ದಾರಿಗಳಲ್ಲಿ ವಿಶೇಷ ಅನುಕೂಲವೇ ಇದೆ. ಆದರೆ ಅನ್ನದ ಮಾತಿಗಿಂತ ಆಚೆಗೂ ಒಂದು ಮಾತಿದೆ.

1956ರ ಮೊದಲಿನ ನಮ್ಮ ತಾಲೂಕಿನ ಗೇಣಿಚೀಟುಗಳು, ಪಾಲುಪಟ್ಟಿಗಳು, ತೀರ್ವೆಯ ರಶೀದಿಗಳು ಹೆಚ್ಚಾಗಿ ಕನ್ನಡದಲ್ಲಿವೆ. ವರ್ಗ, ಕುಮ್ಕಿ, ಮೂಲಗೇಣಿ ಎಂಬ ಮಾತುಗಳು, ರೂಪಾಯಿ-ಆಣೆ-ಪೈಗಳ ಲೆಕ್ಕ, ಶ್ಯಾನುಭಾಗರ ಮೋಡಿಯಂತಹ ಕೈಬರಹ ಇವೆಲ್ಲ ಆ ಕಾಗದಗಳಲ್ಲಿವೆ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಮಾತುಗಳನ್ನಾಡುವ ಮನೆಗಳ ಕಾಗದಗಳೂ ಕನ್ನಡದಲ್ಲಿಯೇ ಇವೆ. ಈ ಸಪ್ತಭಾಷಾ ಸಂಗಮ ಭೂಮಿಯಲ್ಲಿ ಬರಹದ ಕೆಲಸವನ್ನು ಬಹುಕಾಲ ಹೊತ್ತ ಭಾಷೆ ಅದು. ಹೈಸ್ಕೂಲಿನಲ್ಲಿ ಕನ್ನಡದ ಸಮಾಜ ಪಾಠವನ್ನು ಬಿಟ್ಟ ಮಗುವು ಕನ್ನಡ ಅಕ್ಷರಗಳನ್ನು ಓದಬಲ್ಲದು. ಆದರೆ ತನ್ನ ಮುತ್ತಜ್ಜನ ಪಾಲುಪಟ್ಟಿಯನ್ನು ಓದಿ ಅರ್ಥಮಾಡಿಕೊಳ್ಳಲಾರದು. ತನ್ನ ಹಕ್ಕಿನ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ಎಂತಹುದೆಂದು ಓದು ಬಾರದ ಕಾಲದ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಅಕ್ಷರವಿದ್ದೂ ಆ ಸ್ಥಿತಿ ಮರಳುವುದಾದರೆ ಅದು ನಾವೇ ತಂದುಕೊಂಡ ಬಡತನ.

ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದಾಗ ನಮ್ಮ ಜಿಲ್ಲೆಯಲ್ಲಿ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ, ಅದು ನ್ಯಾಯವೇ. ಆದರೆ ಕನ್ನಡ ವಿಭಾಗದ ಬೆಂಚುಗಳು ಬರಿದಾದರೆ ಪ್ರತಿಭಟಿಸಲು ಕಾರಣವೇ ಉಳಿಯದು.

ಆದುದರಿಂದ ಹಳೆ ವಿದ್ಯಾರ್ಥಿ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿ ಇಂತಹ ಹಳೆಯ ಕಾಗದಗಳಿದ್ದರೆ ಗೆದ್ದಲಿಗೆ ಬಿಡದೆ, ಮೂಲವನ್ನು ನಿಮ್ಮಲ್ಲಿಯೇ ಇಟ್ಟುಕೊಂಡು, ಒಂದು ಪ್ರತಿಯನ್ನು ಶಾಲೆಯ ವಾಚನಾಲಯಕ್ಕೆ ಕೊಡಿರಿ. ಓದಲು ಬಲ್ಲ ಹಿರಿಯರು ತಿಂಗಳಿಗೊಮ್ಮೆ ಒಂದು ಶನಿವಾರ ಬಂದು ಒಂಬತ್ತನೆಯ ತರಗತಿಯ ಮಕ್ಕಳೊಡನೆ ಕುಳಿತು ಅವುಗಳನ್ನು ಓದಿಸಲಿ. ಇದಕ್ಕೆ ಕಟ್ಟಡ ಬೇಡ, ಅನುದಾನ ಬೇಡ. ಒಂದು ಮೇಜು, ನಾಲ್ಕು ಕುರ್ಚಿ ಸಾಕು. ನನ್ನ ಮನೆಯ ಮೂರು ಗೇಣಿಚೀಟುಗಳ ಪ್ರತಿಗಳನ್ನು ಮುಖ್ಯೋಪಾಧ್ಯಾಯರ ಕೈಗೆ ಈಗಾಗಲೇ ಒಪ್ಪಿಸಿದ್ದೇನೆ. ಮುಂದಿನವು ನಿಮ್ಮಿಂದ ಬರಲಿ.