‘ಅಥವಾ’ ಎಂಬ ಒಂದು ಪದ: ಉಚಿತ ಕಾನೂನು ನೆರವಿನ ಪಾಠದಲ್ಲಿ ನಾನು ತಿದ್ದಿಕೊಂಡ ತಪ್ಪು

ನನ್ನ ಬೋಧನಾ ವಿಷಯ ಗಣಿತ. ಬೋಧನಾಭ್ಯಾಸದ ಮೂರನೆಯ ವಾರ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದುದರಿಂದ 9ನೇ ತರಗತಿಯ ಎರಡು ಅವಧಿಗಳು ನನ್ನ ಪಾಲಿಗೆ ಬಂದವು. ಪಾಠ: ನ್ಯಾಯಾಂಗ ವ್ಯವಸ್ಥೆ. ಆರಿಸಿಕೊಂಡ ಕಲಿಕಾಂಶ: ಉಚಿತ ಕಾನೂನು ನೆರವು.

ಮೊದಲ ಅವಧಿ

‘ಕೋರ್ಟಿಗೆ ಹೋದರೆ ಏನೇನು ಖರ್ಚು ಬರುತ್ತದೆ?’ ಎಂಬ ಪ್ರಶ್ನೆಯಿಂದ ಪೀಠಿಕೆ ಹಾಕಿದೆ. ವಕೀಲರ ಫೀಸು, ಬಸ್ ಚಾರ್ಜು, ಜೆರಾಕ್ಸ್ ಎಂದು ಮಕ್ಕಳು ಹೇಳುತ್ತಾ ಹೋದರು. ‘ಆವತ್ತಿನ ಕೂಲಿನೂ ಹೋಗುತ್ತೆ’ ಎಂದ ಹಿಂದಿನ ಬೆಂಚಿನ ಹುಡುಗ. ಕೋರ್ಟ್ ಶುಲ್ಕವನ್ನು ನಾನು ಸೇರಿಸಿದೆ. ಹಣವಿಲ್ಲ ಎಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿದ್ದನ್ನು ವಿವರಿಸಿದೆ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಮುಗಿಯದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಪರವಾಗಿ ಬಂದ 1979ರ ಹುಸೇನಾರಾ ಖಾತೂನ್ ಪ್ರಕರಣವನ್ನೂ ಹೇಳಿದೆ. ಕೊನೆಗೆ ಕಪ್ಪು ಹಲಗೆಯ ಮೇಲೆ ‘ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ’ ಎಂದು ಸಾರಾಂಶ ಬರೆದೆ.

ಒಬ್ಬ ಹುಡುಗಿ ಎದ್ದು ನಿಂತಳು. ‘ಮಿಸ್, ಅಮ್ಮಂಗೆ ತವರಿನ ಜಮೀನಲ್ಲಿ ಭಾಗ ಕೊಟ್ಟಿಲ್ಲ. ಕೇಸ್ ಹಾಕೋಕೆ ದುಡ್ಡಿಲ್ಲ. ಆದ್ರೆ ನಮ್ಮದು ಬಿಪಿಎಲ್ ಕಾರ್ಡ್ ಅಲ್ಲ. ನಮಗೆ ಸಿಗಲ್ಲ ಅಲ್ವಾ?’

‘ಸಿಗುವುದಿಲ್ಲಮ್ಮ’ ಎಂದುಬಿಟ್ಟೆ. ಗಂಟೆ ಹೊಡೆಯಿತು.

ತಪ್ಪು ಎಲ್ಲಿತ್ತು?

ಸಂಜೆಯ ಚರ್ಚೆಯಲ್ಲಿ ಮಾರ್ಗದರ್ಶಕ ಅಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ: ‘ಕಾಯ್ದೆಯ 12ನೇ ಪ್ರಕರಣ ಓದಿದ್ದೀರಾ?’ ನಾನು ಓದಿರಲಿಲ್ಲ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರದು. ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರ 12ನೇ ಪ್ರಕರಣದಲ್ಲಿ ಅರ್ಹರ ಪಟ್ಟಿಯಿದೆ: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಒಳಗಾದವರು, ಮಹಿಳೆಯರು ಮತ್ತು ಮಕ್ಕಳು, ಅಂಗವಿಕಲರು, ನೆರೆ, ಬರ, ಜಾತಿ ದೌರ್ಜನ್ಯದಂಥವುಗಳ ಸಂತ್ರಸ್ತರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಅಥವಾ ನಿಗದಿತ ಮಿತಿಗಿಂತ ಕಡಿಮೆ ಆದಾಯದವರು.

ಆ ‘ಅಥವಾ’ವನ್ನು ನಾನು ‘ಮತ್ತು’ ಎಂದು ತಿಳಿದಿದ್ದೆ. ಆದಾಯದ ಮಿತಿ ಎಲ್ಲರನ್ನೂ ಸೋಸುವ ಜರಡಿ ಎಂದುಕೊಂಡಿದ್ದೆ. ಅದು ಪಟ್ಟಿಯ ಒಂದು ಗುಂಪು ಮಾತ್ರ. ಆ ಹುಡುಗಿಯ ತಾಯಿ ಮಹಿಳೆ, ಅಷ್ಟೇ ಸಾಕು. ಗಣಿತದ ಮಾತಿನಲ್ಲಿ ಹೇಳುವುದಾದರೆ, ಗಣಗಳ ಸಂಯೋಗವನ್ನು ನಾನು ಛೇದನವೆಂದು ಪಾಠ ಮಾಡಿದ್ದೆ.

ಎರಡನೆಯ ಅವಧಿ

ಮೊದಲು ಹಿಂದಿನ ದಿನದ ವಾಕ್ಯವನ್ನೇ ಮತ್ತೆ ಬರೆದು, ‘ಇದು ತಪ್ಪು, ನಿನ್ನೆ ನಾನು ಕೊಟ್ಟ ಉತ್ತರವೂ ತಪ್ಪು’ ಎಂದು ಅಡ್ಡಗೆರೆ ಎಳೆದೆ. ಮಕ್ಕಳ ಮನೆಯ ವಿಷಯವನ್ನು ತರಗತಿಯಲ್ಲಿ ಎಳೆದಾಡಬಾರದೆಂದು ಅಧ್ಯಾಪಕರು ಎಚ್ಚರಿಸಿದ್ದರು. ಹಾಗಾಗಿ ಕಲ್ಪಿತ ವ್ಯಕ್ತಿಗಳ ಐದು ಚೀಟಿ ಮಾಡಿಕೊಂಡು ಹೋಗಿದ್ದೆ: ಸಂಬಳ ಬರುವ ಬ್ಯಾಂಕ್ ಉದ್ಯೋಗಿ ಮಹಿಳೆ, ಕಾರ್ಖಾನೆಯ ಕಾರ್ಮಿಕ, ಜೈಲಿನಲ್ಲಿರುವ ಆರೋಪಿ, ಕಡಿಮೆ ಆದಾಯದ ರೈತ, ಯಾವ ಗುಂಪಿಗೂ ಸೇರದ ಶ್ರೀಮಂತ ವ್ಯಾಪಾರಿ. ಹಲಗೆಯ ಮೇಲೆ ವೆನ್ ನಕ್ಷೆಯ ವೃತ್ತಗಳು. ಪ್ರತಿ ತಂಡ ತನ್ನ ಚೀಟಿಯನ್ನು ಸರಿಯಾದ ಜಾಗದಲ್ಲಿ ಅಂಟಿಸಬೇಕು. ವ್ಯಾಪಾರಿಯ ಚೀಟಿಯೊಂದೇ ವೃತ್ತಗಳ ಹೊರಗೆ ಉಳಿಯಿತು.

‘ಸಂಬಳ ಇರೋರಿಗೆ ಯಾಕೆ ಪುಕ್ಕಟೆ?’ ಎಂದು ಒಬ್ಬ ತಕರಾರು ತೆಗೆದ. ಉತ್ತರ ಇನ್ನೊಂದು ಬೆಂಚಿನಿಂದಲೇ ಬಂತು: ‘ಮನೇಲಿ ದುಡ್ಡಿದ್ರೂ ಹೆಂಗಸರ ಕೈಲಿ ಇರಲ್ವಲ್ಲ.’ ಅರ್ಹತೆ ಇದ್ದ ಮಾತ್ರಕ್ಕೆ ನೆರವು ತಾನಾಗಿ ಸಿಗುವುದಿಲ್ಲ, ಮೊಕದ್ದಮೆಗೆ ಮೇಲ್ನೋಟಕ್ಕೆ ಆಧಾರವಿದೆಯೇ ಎಂದೂ ನೋಡುತ್ತಾರೆ ಎಂದು ನಾನು ಸೇರಿಸಿದೆ. ನೆರವು ಮಂಜೂರಾದರೆ ವಕೀಲರ ಫೀಸು ಮಾತ್ರವಲ್ಲ, ಕೋರ್ಟ್ ಶುಲ್ಕ, ಕಾಗದಪತ್ರ ಸಿದ್ಧಪಡಿಸುವ ಖರ್ಚು ಕೂಡ ಅದರಲ್ಲಿ ಸೇರುತ್ತದೆ.

ಕೊನೆಯ ಹತ್ತು ನಿಮಿಷ ಅರ್ಜಿ ಬರೆಯುವ ಅಭ್ಯಾಸ. ಯಾರಿಗೆ? ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ. ಹೆಸರು, ವಿಳಾಸ, ಯಾವ ಗುಂಪಿಗೆ ಸೇರಿದವರು, ವ್ಯಾಜ್ಯ ಏನು ಎಂದು ಬರೆಯಬೇಕು. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯೇ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳುತ್ತಾರೆ. 15100 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರೂ ಬರೆದುಕೊಂಡರು. ಆ ಹುಡುಗಿ ಅರ್ಜಿಯ ಎರಡು ಪ್ರತಿ ಬರೆದು, ಒಂದನ್ನು ಮಡಚಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ನಾನು ಏನೂ ಕೇಳಲಿಲ್ಲ.

ಸಹಪ್ರಶಿಕ್ಷಣಾರ್ಥಿಗಳಿಗೆ

ಆದಾಯದ ಮಿತಿಯನ್ನು ಪಾಠಯೋಜನೆಯಲ್ಲಿ ನೆನಪಿನಿಂದ ಬರೆಯಬೇಡಿ. ಕಾಯ್ದೆಯಲ್ಲಿ ಮೊದಲಿಗೆ ಇದ್ದದ್ದು ವರ್ಷಕ್ಕೆ 9,000 ರೂಪಾಯಿ. ಅದನ್ನು ಹೆಚ್ಚಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆಯಾ ಕಾಲದ ಮೊತ್ತವನ್ನು ಸಮಿತಿಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹಕ್ಕುಗಳ ಪಾಠ ಮಾಡುವಾಗ ಯಾರಿಗೆ, ಎಲ್ಲಿ, ಯಾವ ಕಾಗದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡೇ ತರಗತಿಗೆ ಹೋಗಿ. ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ನೋಡಿ ಹೇಳುತ್ತೇನೆ’ ಎನ್ನಿ. ಲೆಕ್ಕ ತಪ್ಪಿದರೆ ಮರುದಿನ ತಿದ್ದಬಹುದು. ನಾನು ‘ಸಿಗುವುದಿಲ್ಲ’ ಎಂದದ್ದು ಅದೇ ರಾತ್ರಿ ಒಂದು ಮನೆಗೆ ತಲುಪಿರುತ್ತದೆ.