ಡೊಂಗಲ್ ಯಾರ ಜೇಬಿನಲ್ಲಿದೆ?

ತಮ್ಮಾ, ನಿನ್ನ ತಲೆ ಚುರುಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಕಕ್ಕೇರಾದ ಹುಡುಗ ಕಲಬುರಗಿ ಹಾಸ್ಟೆಲ್ಲಿನಲ್ಲಿ ಕೂತು ಗೆಳೆಯರ ಜೊತೆ ಇಥೀರಿಯಂ ಜಾಲ ಕಟ್ಟಿ ಕಲಿಯುತ್ತಿದ್ದಾನೆ ಅಂದರೆ ಎದೆ ಉಬ್ಬುತ್ತದೆ. ಆದರೆ ನಿನ್ನ ಕೈ ತಲೆಗಿಂತ ಮುಂದೆ ಓಡುತ್ತದೆ. ಯಾರೋ ಕೇಳಿದರು ಅಂತ ಆ ಜಾಲದ ಇಡೀ ಫೋಲ್ಡರನ್ನೇ ವಾಟ್ಸಾಪ್ ಗುಂಪಿಗೆ ಹಾಕಿದೆಯಲ್ಲ, ಒಳಗೆ ಏನೇನಿದೆ ಅಂತ ಒಮ್ಮೆಯಾದರೂ ಇಣುಕಿದೆಯಾ? ನಿನ್ನ ಕಂಪ್ಯೂಟರನ್ನು ಜಾಲದ ಒಂದು ‘ನೋಡ್’ ಮಾಡುವ ಗೆತ್ ತಂತ್ರಾಂಶ ಅದರಲ್ಲಿ ‘ನೋಡ್‌ಕೀ’ ಅನ್ನುವ ಪುಟ್ಟ ಫೈಲೊಂದನ್ನು ಇಟ್ಟಿರುತ್ತದೆ. ಬಿಚ್ಚಿದರೆ 64 ಅಕ್ಷರ-ಅಂಕಿಗಳ ಒಂದೇ ಸಾಲು. ನಿನ್ನ ನೋಡ್‌ನ ಪ್ರೈವೇಟ್ ಕೀ, ಅಂದರೆ ಗುಟ್ಟಾಗಿ ಇಟ್ಟುಕೊಳ್ಳಬೇಕಾದ ಕೀಲಿ, ಅದೇ.

ಆ ಸಾಲಿನಿಂದ ಅದರ ಜೋಡಿಯಾದ, ಎಲ್ಲರಿಗೂ ತೋರಿಸಬಹುದಾದ ಪಬ್ಲಿಕ್ ಕೀ ಲೆಕ್ಕ ಹಾಕುವುದು ಕಂಪ್ಯೂಟರಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಪಬ್ಲಿಕ್ ಕೀ ಹಿಡಿದು ಹಿಂದಕ್ಕೆ ಹೋಗಿ ಪ್ರೈವೇಟ್ ಕೀ ಪತ್ತೆ ಮಾಡಲು ಇವತ್ತಿನ ಯಾವ ಯಂತ್ರದ ಕೈಲೂ ಆಗದು. ಡಿಫಿ, ಹೆಲ್‌ಮನ್ ಎಂಬಿಬ್ಬರು 1976ರಲ್ಲಿ ಈ ದಾರಿ ತೋರಿಸಿದರು. ಜಾಲದಲ್ಲಿ ನಿನ್ನ ನೋಡ್‌ನ ಹೆಸರು ಆ ಪಬ್ಲಿಕ್ ಕೀಯಿಂದಲೇ ಹುಟ್ಟುತ್ತದೆ. ಹಬ್ಬಕ್ಕೆ ಲ್ಯಾಪ್‌ಟಾಪ್ ಊರಿಗೆ ತಂದರೆ ಐಪಿ ವಿಳಾಸ ಬದಲಾಗುತ್ತದೆ, ಹೆಸರು ಬದಲಾಗದು. ಎದುರಿನ ನೋಡ್ ನೀನು ಯಾವ ಊರಿಂದ ಬಂದೆ ಅಂತ ಕೇಳುವುದಿಲ್ಲ. ಪ್ರೈವೇಟ್ ಕೀಯಿಂದ ಹಾಕಿದ ಸಹಿ ಆ ಪಬ್ಲಿಕ್ ಕೀಗೆ ತಾಳೆಯಾಗುತ್ತದೋ ಇಲ್ಲವೋ ಅಷ್ಟೇ ನೋಡುತ್ತದೆ. ತಾಳೆಯಾದರೆ ನೀನೇ. ಕಂಪ್ಯೂಟರಿನ ಮುಂದೆ ಕೂತವನು ಬೇರೆಯವನಾಗಿದ್ದರೂ ನೀನೇ.

ಈ ಕೊನೆಯ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ, ಕಣ್ಣಾರೆ ಕಂಡದ್ದು. ಗ್ರಾಮ ಪಂಚಾಯ್ತಿಗಳಲ್ಲಿ ಬಿಲ್ಲಿಗೆ ಸಹಿ ಬೀಳುವುದು ಕಂಪ್ಯೂಟರಿಗೆ ಚುಚ್ಚುವ ಡೊಂಗಲ್‌ನಿಂದ. ಹೆಬ್ಬೆರಳಿನಷ್ಟಿದೆ, ಅದರ ಹೊಟ್ಟೆಯಲ್ಲಿರುವುದೂ ಇಂಥದೇ ಪ್ರೈವೇಟ್ ಕೀ. ಅಧ್ಯಕ್ಷೆಯಾದ ಅಕ್ಕ ಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಾಳೆ. ಡೊಂಗಲ್ ಗಂಡನ ಅಂಗಿ ಜೇಬಿನಲ್ಲಿ, ಪಿನ್ ನಂಬರ್ ಬರೆದ ಚೀಟಿ ಅದಕ್ಕೇ ಸುತ್ತಿ ರಬ್ಬರ್ ಹಾಕಿದ್ದು. ನಾಳೆ ತನಿಖೆ ಬಂದರೆ ಕಂಪ್ಯೂಟರ್ ತೋರಿಸುವ ಹೆಸರು ಅಕ್ಕನದೇ. ‘ನಾ ಮುಟ್ಟೇ ಇಲ್ರೀ’ ಅಂದರೆ ಯಾರು ಕೇಳುತ್ತಾರೆ? 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಓದಿಕೋ: ಪ್ರೈವೇಟ್ ಕೀ ಕೈತಪ್ಪದಂತೆ ಕಾಯುವ ಹೊಣೆ ಅದರ ಒಡೆಯರದು, ತಪ್ಪಿದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ಇಂಥ ಅಕ್ಕಂದಿರನ್ನು ಕೂಡಿಸಿಕೊಂಡು ಇದನ್ನು ಬಿಡಿಸಿ ಹೇಳುವವರಿಲ್ಲ, ಅದೇ ನನ್ನ ಸಂಕಟ. ನಿನಗೆ ಹೇಳಲು ನಾನಿದ್ದೇನಲ್ಲ, ಕೇಳು.

ಬ್ಲಾಕ್‌ಚೈನ್ ಅಂದರೆ ಬರೀ ಬಿಟ್‌ಕಾಯಿನ್ ಅಂತ ಕುಣಿಯಬೇಡ, ನಿನ್ನ ಇಥೀರಿಯಂ ಕೂಡ ಅದೇ ಜಾತಿಯದು. ಬಿಟ್‌ಕಾಯಿನ್‌ನಲ್ಲಿ ಕೀ ಇರುವುದು ದುಡ್ಡಿಗೆ, ನೋಡ್‌ಗೆ ಅಂಥ ಗುರುತು ಕಡ್ಡಾಯವಲ್ಲ. ನಮ್ಮ ರಾಜ್ಯದ ‘ಔಷಧ’ ವ್ಯವಸ್ಥೆ ನೋಡು: ಮಾತ್ರೆ ತಯಾರಾದಲ್ಲಿಂದ ಸರ್ಕಾರಿ ದವಾಖಾನೆ ಸೇರುವ ತನಕದ ದಾಖಲೆ ಬ್ಲಾಕ್‌ಚೈನ್ ಮೇಲಿದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯವರು 2020ರಲ್ಲಿ ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ವಿದ್ಯೆಗೆಂದೇ ಒಂದು ಕೇಂದ್ರ ತೆರೆದರು. ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನಂಥ ಜಾಲದಲ್ಲಿ ಕೀ ಜೋಡಿಯೊಂದೇ ಸಾಲದು, ಈ ಕೀ ಇಂಥ ಸಂಸ್ಥೆಯದು ಅನ್ನುವ ಪ್ರಮಾಣಪತ್ರವೂ ಬೇಕು. ಸೋರಿದ ಕೀಯ ಪ್ರಮಾಣಪತ್ರವನ್ನು ರದ್ದು ಮಾಡಿ ಎಲ್ಲ ನೋಡ್‌ಗಳಿಗೂ ತಿಳಿಸುವ ಏರ್ಪಾಡು ಅಲ್ಲಿದೆ. ಆದರೆ ಸೋರಿತು ಅಂತ ಯಾರಾದರೂ ಬಾಯಿಬಿಡಬೇಕಲ್ಲ! ಬೈಗುಳಕ್ಕೆ ಹೆದರಿ ಮುಚ್ಚಿಟ್ಟುಕೊಂಡವರೇ ಹೆಚ್ಚು ಹಾಳು ಮಾಡುವುದು. ನೀನು ಮೊದಲ ದಿನವೇ ಹೇಳು. ಬೈದರೆ ಬೈಸಿಕೋ.

ಸೋರಿದ ನಿನ್ನ ಕೀಗೆ ಈಗ ಮಾಡುವುದು ಇಷ್ಟು. ಗೆತ್ ನಿಲ್ಲಿಸು, ಆ ನೋಡ್‌ಕೀ ಫೈಲ್ ಅಳಿಸು, ಮತ್ತೆ ಶುರು ಮಾಡು. ಹೊಸ ಕೀ ತಾನೇ ಹುಟ್ಟುತ್ತದೆ. ಗೆಳೆಯರ ಪಟ್ಟಿಯಿಂದ ನಿನ್ನ ನೋಡ್‌ನ ಹಳೆಯ ವಿಳಾಸ, ಅಂದರೆ ‘ಇನೋಡ್’, ತೆಗೆಸಿ ಹೊಸದನ್ನು ಹಾಕಿಸು. ವಾಟ್ಸಾಪಿನಲ್ಲಿ ಡಿಲೀಟ್ ಒತ್ತಿದೆ ಅಂತ ಸಮಾಧಾನಪಡಬೇಡ, ಇಳಿಸಿಕೊಂಡವರ ಫೋನಿನಲ್ಲಿ ಅದು ಕೂತೇ ಇದೆ. ಅದೇ ಫೋಲ್ಡರಿನಲ್ಲಿ ‘ಕೀಸ್ಟೋರ್’ ಇತ್ತಾ? ಅದು ಖಾತೆಯ ಕೀ, ನೋಡ್‌ನದಲ್ಲ. ಅದಕ್ಕೆ ಪಾಸ್‌ವರ್ಡಿನ ಕಾವಲಿದೆ ಅನ್ನುತ್ತೀಯ. ನೀನಿಡುವ ಪಾಸ್‌ವರ್ಡ್ ನಿನ್ನ ಹುಟ್ಟಿದ ದಿನ ಅನ್ನುವುದು ಮನೆಮಂದಿಗೆಲ್ಲ ಗೊತ್ತು. ಅದರಲ್ಲಿ ನಿಜವಾದ ದುಡ್ಡಿದ್ದರೆ ಮೊದಲು ಅದನ್ನು ಹೊಸ ಖಾತೆಗೆ ಸಾಗಿಸು, ಉಳಿದದ್ದೆಲ್ಲ ಆಮೇಲೆ.